‘ಎನರ್ಜೆಟಿಕ್’ ಅಂದರೆ ಹೊಗಳಿಕೆಯೋ, ದೂರೋ?

ಪ್ರಶ್ನೆ: ನಾವು ದಾವಣಗೆರೆಯವರು. ಮಗ ಎರಡನೇ ಕ್ಲಾಸು. ಮೊನ್ನೆ ಬಂದ ಪ್ರೋಗ್ರೆಸ್ ಕಾರ್ಡ್‌ನಲ್ಲಿ ಅವನ ಟೀಚರ್ ‘ಎ ವೆರಿ ಎನರ್ಜೆಟಿಕ್ ಚೈಲ್ಡ್. ನೀಡ್ಸ್ ಟು ಸೆಟಲ್ ಡೌನ್’ ಎಂದು ಬರೆದಿದ್ದಾರೆ. ಮೊಬೈಲ್‌ನಲ್ಲಿ ಹುಡುಕಿದರೆ ಎನರ್ಜೆಟಿಕ್ ಅಂದರೆ ‘ಶಕ್ತಿಯುತ’ ಅಂತ ಬಂತು. ನಮ್ಮವರು ಖುಷಿಯಾಗಿ ಅವನನ್ನು ಬೆಣ್ಣೆದೋಸೆಗೆ ಕರೆದುಕೊಂಡು ಹೋದರು. ನಾದಿನಿ ಮಾತ್ರ ‘ಅದು ಹೊಗಳಿಕೆ ಅಲ್ಲ ಅತ್ತಿಗೆ, ದೂರು’ ಅಂತಾಳೆ. ನನಗೆ ಇನ್ನೊಂದು ಗೊಂದಲ. ನನ್ನ ಮಗ ಹಂಚಿಕಡ್ಡಿ ಥರ ಇದ್ದಾನೆ, ಜೋರಾಗಿ ಗಾಳಿ ಬಂದರೆ ಹಿಡಿದುಕೊಳ್ಳಬೇಕು. ಅವನು ಶಕ್ತಿಯುತ ಹೇಗಾದ? ಈ ಪದವನ್ನು ಎಲ್ಲಿ, ಹೇಗೆ ಬಳಸಬೇಕು ಹೇಳಿ. ಹಾಗೆಯೇ, ಹೇಳುವಾಗ ಎನರ್ಜೆಟಿಕ್ಕೋ, ಎನರ್ಜಿಟಿಕ್ಕೋ?

ಉತ್ತರ: ಮೊದಲು ಹಂಚಿಕಡ್ಡಿಯ ವಿಷಯಕ್ಕೆ ಬರುತ್ತೇನೆ ತಾಯಿ. ಡಿಕ್ಷನರಿಗಿಂತ ನಿಮ್ಮ ಅನುಮಾನವೇ ಸರಿಯಾಗಿದೆ.

ನಮ್ಮ ‘ಶಕ್ತಿ’ ಅನ್ನುವ ಪದ ದೊಡ್ಡ ಸಂಸಾರದ ಹಿರಿಯಣ್ಣ ಇದ್ದ ಹಾಗೆ. ಎಲ್ಲರ ಕೆಲಸವನ್ನೂ ತಾನೇ ಮಾಡುತ್ತದೆ. ಇಂಗ್ಲಿಷ್‌ನಲ್ಲಿ ಸ್ಟ್ರೆಂತ್, ಪವರ್, ಎನರ್ಜಿ ಎಂದು ಮೂರು ಬೇರೆ ಬೇರೆ ಪದಗಳಿವೆ. ಕನ್ನಡದಲ್ಲಿ ಮೂರಕ್ಕೂ ಶಕ್ತಿ ಅಂದುಬಿಡುತ್ತೇವೆ. ನಮ್ಮ ನಮ್ಮಲ್ಲಿ ಅದರಿಂದ ತೊಂದರೆ ಇಲ್ಲ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ತೊಂದರೆ ಶುರುವಾಗುವುದು ಇಂಗ್ಲಿಷ್‌ನಿಂದ ಇಳಿಸುವಾಗ.

ಮೂರನ್ನೂ ಒಂದೇ ಒನಕೆಯಲ್ಲಿ ತೋರಿಸಬಹುದು. ಚಿತ್ರದುರ್ಗದ ಕೋಟೆಗೆ ಹೋದವರು ಓಬವ್ವನ ಕಿಂಡಿಯ ಮುಂದೆ ನಿಂತು ಬಗ್ಗಿ ನೋಡದೆ ಬರುವುದಿಲ್ಲ ಅಲ್ವಾ? ಆ ಒನಕೆಯನ್ನೇ ಯುದ್ಧದಿಂದ ಬಿಡಿಸಿ ಮತ್ತೆ ಭತ್ತ ಕುಟ್ಟಲು ತನ್ನಿ. 5 ಕಿಲೋ ತೂಕದ ಒನಕೆ ಅಂದುಕೊಳ್ಳೋಣ. ಅದನ್ನು ಎತ್ತಲು ತೋಳಲ್ಲಿ ಬಲ ಬೇಕು, ಅದು ಸ್ಟ್ರೆಂತ್. ಒಂದು ಮೀಟರ್ ಎತ್ತರಕ್ಕೆ ಎತ್ತಿದಾಗ ಒನಕೆಗೆ ಸುಮಾರು 49 ಜೌಲ್ ಎನರ್ಜಿ ಸಿಗುತ್ತದೆ. ಕೆಳಗೆ ಬಿದ್ದಾಗ ಅದೇ ಭತ್ತದ ಹೊಟ್ಟು ಬಿಡಿಸುತ್ತದೆ. ನಿಮಿಷಕ್ಕೆ 20 ಸಲ ಕುಟ್ಟಿದರೆ ಆ ಕೆಲಸದ ವೇಗ ಸುಮಾರು 16 ವ್ಯಾಟ್. ಆ ವೇಗವೇ ಪವರ್. 16 ವ್ಯಾಟ್ ಅಂದರೆ ನಿಮ್ಮ ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬ್ ಎರಡನ್ನು ಉರಿಸಲೂ ಪೂರ್ತಿ ಸಾಲದು. ಕರೆಂಟ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಇದೆಯಲ್ಲ, ಅದು 36 ಲಕ್ಷ ಜೌಲ್. ಒನಕೆಯ ಲೆಕ್ಕದಲ್ಲಿ ಹೇಳಿದರೆ ಸುಮಾರು 73 ಸಾವಿರ ಸಲ ಎತ್ತಿ ಇಳಿಸಬೇಕು! ಈ ಲೆಕ್ಕ ಮಾಡಿದ ದಿನದಿಂದ ನಾನು ಬಿಲ್ ನೋಡಿ ಗೊಣಗುವುದನ್ನು ಸ್ವಲ್ಪ ಕಡಿಮೆ ಮಾಡಿದ್ದೇನೆ.

ಈಗ ಆ ಒನಕೆ ಹಿಡಿದ ಅಜ್ಜಿಯನ್ನು ನೋಡಿ. ಬೆಳಿಗ್ಗೆ ಹಾಡು ಹೇಳುತ್ತಾ ಕುಟ್ಟಿದಳು, ಮುಗಿಯುತ್ತಿದ್ದಂತೆ ಕೊಟ್ಟಿಗೆ ಗುಡಿಸಿದಳು, ಗುಡಿಸಿ ಬಂದವಳು ಮೊಮ್ಮಗಳಿಗೆ ಜಡೆ ಹಾಕಿದಳು, ‘ಮುಂದೇನು?’ ಅಂತ ಸೆರಗು ಸಿಕ್ಕಿಸಿ ನಿಂತಳು. ಆಕೆ ಎನರ್ಜೆಟಿಕ್. ಒನಕೆಯ ತೂಕಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಒಬ್ಬರ ಒಳಗೆ ಎಷ್ಟು ಬಲ ಇದೆ ಅನ್ನುವುದನ್ನು ಈ ಪದ ಹೇಳುವುದಿಲ್ಲ. ಎಷ್ಟು ಹೊರಗೆ ಬರುತ್ತಿದೆ, ಎಷ್ಟು ಹುರುಪಿನಿಂದ ಬರುತ್ತಿದೆ ಅನ್ನುವುದನ್ನು ಹೇಳುತ್ತದೆ.

ದಾವಣಗೆರೆಯಲ್ಲಿ ಇದ್ದೀರಿ, ಹಾಗಾಗಿ ಇದನ್ನು ಕಣ್ಣಾರೆ ನೋಡುವುದು ಸುಲಭ. ನಮ್ಮ ಊರು ಗರಡಿ ಮನೆಗಳ ಊರು. ಸಾಧನೆ ಮುಗಿಸಿ ಕಟ್ಟೆಯ ಮೇಲೆ ಕೂತ ಪೈಲ್ವಾನರನ್ನು ನೋಡಿದ್ದೀರಾ? ಕತ್ತು ತಿರುಗಿಸುವುದೂ ನಿಧಾನ, ಮಾತೂ ನಿಧಾನ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ‘ಏನ್ರೀ’ ಅಂತಾರೆ. ಅವರನ್ನು ಸ್ಟ್ರಾಂಗ್ ಅನ್ನಬೇಕು. ಆ ಹೊತ್ತಿನಲ್ಲಿ ಅವರನ್ನು ಎನರ್ಜೆಟಿಕ್ ಅಂದರೆ ಅವರೇ ನಕ್ಕಾರು.

ಅಲ್ಲಿಂದ ಎದ್ದು ಬೆಣ್ಣೆದೋಸೆ ಹೋಟೆಲಿಗೆ ಹೋಗಿ. ನಿಮ್ಮವರು ಮಗನನ್ನು ಕೂರಿಸಿದ ಕಡೆಯೇ ಆಗಬಹುದು. ಕಾವಲಿಯ ಹಿಂದೆ ನಿಂತ ಭಟ್ಟರು ಸಾಮಾನ್ಯವಾಗಿ ಸಣಕಲು ಆಸಾಮಿ. ಸೌದೆ ಒಲೆಯ ಕಾವು ಮುಖಕ್ಕೆ ಹೊಡೆಯುತ್ತಿರುತ್ತದೆ. ಪೊರಕೆಯಿಂದ ಕಾವಲಿಗೆ ಒಂದು ಗುಡಿಸು, ನೀರು ಚಿಮುಕಿಸಿದರೆ ಚುಂಯ್. ಸಾಲಾಗಿ ಹಿಟ್ಟು ಬೀಳುತ್ತದೆ, ಲೋಟದ ತಳದಲ್ಲಿ ಗರಗರ ತಿರುಗುತ್ತದೆ. ಕೊನೆಯ ದೋಸೆ ಹಾಕುವ ಹೊತ್ತಿಗೆ ಮೊದಲನೆಯದಕ್ಕೆ ಬೆಣ್ಣೆ ಬಿದ್ದಿರುತ್ತದೆ. ಅದರ ಮಧ್ಯೆ ಒಲೆಗೆ ಸೌದೆ ನೂಕುತ್ತಾರೆ. ‘ಎರಡು ಖಾಲಿ, ಒಂದು ಓಪನ್’ ಅನ್ನುವ ಮಾಣಿಯ ಕೂಗಿಗೆ ತಲೆಯನ್ನೂ ಆಡಿಸುತ್ತಾರೆ. ಎರಡು ಗಂಟೆ ಹೀಗೇ. ಕುಸ್ತಿಗೆ ಬಿಟ್ಟರೆ ಒಂದು ನಿಮಿಷ ನಿಲ್ಲಲಾರರು. ಆದರೆ ಎನರ್ಜೆಟಿಕ್ ಅನ್ನುವ ಪದಕ್ಕೆ ಅವರಿಗಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ. ನಿಮ್ಮ ಮಗ ಅವರ ಪಂಗಡ.

ಈ ವ್ಯತ್ಯಾಸ ಪದದ ಬೇರಿನಲ್ಲೇ ಇದೆ. ಗ್ರೀಕ್‌ನಲ್ಲಿ ‘ಎರ್ಗಾನ್’ ಅಂದರೆ ಕೆಲಸ. ಅದರಿಂದ ‘ಎನರ್ಗೇಯ’ ಬಂತು. ಕೆಲಸದಲ್ಲಿ ತೊಡಗಿರುವುದು ಅಂತ ಅರ್ಥ. ಅರಿಸ್ಟಾಟಲ್ ಇದನ್ನು ‘ಡೈನಮಿಸ್’ ಅನ್ನುವ ಇನ್ನೊಂದು ಪದದ ಎದುರು ನಿಲ್ಲಿಸಿದ. ಡೈನಮಿಸ್ ಅಂದರೆ ಒಳಗಿರುವ ಸಾಮರ್ಥ್ಯ. ಮನೆ ಕಟ್ಟಲು ಬಲ್ಲವನು ಬೇರೆ, ಈಗ ಕಟ್ಟುತ್ತಿರುವವನು ಬೇರೆ. ಕಣ್ಣಿದ್ದೂ ಮುಚ್ಚಿಕೊಂಡವನು ಬೇರೆ, ನೋಡುತ್ತಿರುವವನು ಬೇರೆ. ಈ ಎರಡನೆಯವರದ್ದೇ ಎನರ್ಗೇಯ. ಕಟ್ಟೆಯ ಮೇಲೆ ಕೂತ ಪೈಲ್ವಾನ್ ಡೈನಮಿಸ್, ಕಾವಲಿಯ ಹಿಂದಿನ ಭಟ್ಟರು ಎನರ್ಗೇಯ. ಹಳೇ ಸೈಕಲ್ಲಿನ ಡೈನಮೋ, ನೊಬೆಲ್ 1867ರಲ್ಲಿ ಹೆಸರಿಟ್ಟ ಡೈನಮೈಟ್, ಎರಡೂ ಆ ಡೈನಮಿಸ್‌ನ ಮಕ್ಕಳು.

16ನೇ ಶತಮಾನದ ಕೊನೆಗೆ ಎನರ್ಜಿ ಇಂಗ್ಲಿಷ್‌ಗೆ ಬಂದಾಗ ಅದಕ್ಕೂ ವಿಜ್ಞಾನಕ್ಕೂ ನಂಟಿರಲಿಲ್ಲ. ಮಾತಿನ ಕಸುವಿಗೆ, ಬರವಣಿಗೆಯ ಬಿರುಸಿಗೆ ಅದನ್ನು ಬಳಸುತ್ತಿದ್ದರು. ಅದನ್ನು ವಿಜ್ಞಾನದ ಪದವಾಗಿ ಕೂರಿಸಿದವರಲ್ಲಿ ಮೊದಲಿಗ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್, 1807ರಲ್ಲಿ. ವಸ್ತುವಿನ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದರೆ ಬರುವುದನ್ನು ಆತ ಎನರ್ಜಿ ಅಂದ. ಮುಂದೆ ಆ ಗುಣಲಬ್ಧದ ಅರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿದರು, ಅದಿರಲಿ. ತಮಾಷೆ ಏನೆಂದರೆ, ಹೈಸ್ಕೂಲಿನಲ್ಲಿ ನಾವು ಬಾಯಿಪಾಠ ಮಾಡಿದ್ದು ‘ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ’ ಅಂತ. ಅಂದರೆ ಅರಿಸ್ಟಾಟಲ್ ಬೇರೆ ಮಾಡಿಟ್ಟಿದ್ದನ್ನು ಭೌತವಿಜ್ಞಾನ ಮತ್ತೆ ಒಂದೇ ಚೀಲಕ್ಕೆ ಹಾಕಿತು. ಮಾತಿನ ಇಂಗ್ಲಿಷ್ ಮಾತ್ರ ಹಳೇ ಅರ್ಥವನ್ನೇ ಇಟ್ಟುಕೊಂಡಿದೆ.

ವಿಜ್ಞಾನದ ಲೆಕ್ಕ ಹಿಡಿದರೂ ನಿಮ್ಮ ಮಗನಿಗೇ ಲಾಭ. ಚಲಿಸುವ ವಸ್ತುವಿನ ತೂಕ ಎರಡು ಪಟ್ಟಾದರೆ ಎನರ್ಜಿ ಎರಡೇ ಪಟ್ಟು. ವೇಗ ಎರಡು ಪಟ್ಟಾದರೆ ಎನರ್ಜಿ ನಾಲ್ಕು ಪಟ್ಟು. ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ತಿರುಗುವ ಆ ದೊಡ್ಡ ಫ್ಯಾನ್‌ಗಳನ್ನು ಹೆದ್ದಾರಿಯಲ್ಲಿ ಹೋಗುವಾಗ ನೋಡಿರುತ್ತೀರಿ. ಗಾಳಿಗೆ ತೂಕ ಎಷ್ಟಿದ್ದೀತು? ಆದರೂ ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿ ಸಿಗುವ ಪವರ್ ಎಂಟು ಪಟ್ಟು. ವೇಗದ ಗಾಳಿ ಒಂದೊಂದು ಹಿಡಿಯಲ್ಲೂ ನಾಲ್ಕು ಪಟ್ಟು ಎನರ್ಜಿ ಹೊತ್ತಿರುತ್ತದೆ, ಜೊತೆಗೆ ಅಷ್ಟೇ ಹೊತ್ತಿನಲ್ಲಿ ಎರಡು ಪಟ್ಟು ಗಾಳಿ ಹಾದುಹೋಗುತ್ತದೆ, ಅದಕ್ಕೇ ಎಂಟು. ಇನ್ನೂ ಸಣ್ಣದು ಬೇಕೇ? 2023ರ ಸೆಪ್ಟೆಂಬರ್ 2ರಂದು ಇಸ್ರೋ ಹಾರಿಸಿದ ಆದಿತ್ಯ-ಎಲ್1ರಲ್ಲಿ ‘ಸ್ಟೆಪ್ಸ್’ ಅನ್ನುವ ಉಪಕರಣ ಇದೆ. ಅದರ ಪೂರ್ತಿ ಹೆಸರಿನಲ್ಲೇ ‘ಎನರ್ಜೆಟಿಕ್ ಪಾರ್ಟಿಕಲ್’ ಅಂತ ಬರುತ್ತದೆ. ಸೂರ್ಯನಿಂದ ಭಾರೀ ವೇಗದಲ್ಲಿ ಬರುವ ಪ್ರೋಟಾನ್ ಮುಂತಾದ ಕಣಗಳು ಅವು. ಕಣ್ಣಿಗೆ ಕಾಣುವ ಮಾತೇ ಇಲ್ಲ, ಆದರೂ ಉಪಗ್ರಹದ ಎಲೆಕ್ಟ್ರಾನಿಕ್ಸ್ ಕೆಡಿಸುವಷ್ಟು ಎನರ್ಜೆಟಿಕ್. ನಿಮ್ಮ ಹಂಚಿಕಡ್ಡಿಗೆ ಇನ್ನೆಂಥ ಸಾಕ್ಷಿ ಬೇಕು?

ಇನ್ನು ಬಳಕೆ. ಇಲ್ಲಿ ನಮ್ಮವರು ಎಡವುವುದು ಹೆಚ್ಚಾಗಿ ಊಟದ ವಿಷಯದಲ್ಲಿ. ‘ರಾಗಿ ಮುದ್ದೆ ಈಸ್ ಎನರ್ಜೆಟಿಕ್ ಫುಡ್’ ಅಂತ ಮಕ್ಕಳು ಪ್ರಬಂಧದಲ್ಲಿ ಬರೆಯುತ್ತಾರೆ. ಹಾಗೆ ಬರೆದರೆ ಮುದ್ದೆಯೇ ತಟ್ಟೆಯಿಂದ ಎದ್ದು ಕುಣಿಯುತ್ತಿದೆ ಅಂದಂತೆ. ಮುದ್ದೆ ಎನರ್ಜಿ ಕೊಡುತ್ತದೆ, ತಿಂದವರು ಎನರ್ಜೆಟಿಕ್ ಆಗುತ್ತಾರೆ. ಮುದ್ದೆಗೆ ‘ಎನರ್ಜಿ ಗಿವಿಂಗ್ ಫುಡ್’ ಅಂದರೆ ಸರಿ. ಅಂಗಡಿಯ ಡಬ್ಬಿಯೂ ‘ಎನರ್ಜಿ ಡ್ರಿಂಕ್’, ‘ಎನರ್ಜೆಟಿಕ್ ಡ್ರಿಂಕ್’ ಅಲ್ಲ. ಹಾಗೆಯೇ ಬ್ಯಾಟರಿ, ಮೋಟರ್, ಮಾತ್ರೆ ಇವಕ್ಕೂ ಈ ಪದ ಹೊಂದುವುದಿಲ್ಲ. ಮೋಟರ್ ಪವರ್‌ಫುಲ್, ಮಾತ್ರೆ ಸ್ಟ್ರಾಂಗ್.

ಮನುಷ್ಯರ ಬಗ್ಗೆ, ಅವರ ಕೆಲಸದ ಬಗ್ಗೆ ಧಾರಾಳವಾಗಿ ಬಳಸಿ. ಎನರ್ಜೆಟಿಕ್ ಡ್ಯಾನ್ಸ್, ಎನರ್ಜೆಟಿಕ್ ಭಾಷಣ, ಎನರ್ಜೆಟಿಕ್ ಪ್ರಚಾರ, ಎಲ್ಲವೂ ಸರಿ. ಎಂಬತ್ತು ವರ್ಷದ ತಾತನಿಗೆ ಹೇಳಿದರೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಹೊಲದ ಬೆಳೆಗೆ ಮಾತ್ರ ಬೇಡ. ಮಳೆ ಸರಿಯಾಗಿ ಬಿದ್ದ ವರ್ಷ ಮೆಕ್ಕೆಜೋಳ ಹುಲುಸಾಗಿ ಬರುತ್ತದಲ್ಲ, ಆ ಹುಲುಸಿಗೆ ಇಂಗ್ಲಿಷ್‌ನಲ್ಲಿ ‘ವಿಗರಸ್’ ಅಂತ ಬೇರೆ ಪದವಿದೆ. ಅದೇ ವಿಗರಸ್ ಡಾಕ್ಟರ ಬಾಯಲ್ಲಿ ವ್ಯಾಯಾಮಕ್ಕೂ ಬರುತ್ತದೆ, ಏದುಸಿರು ಬರುವಂಥ ಕಸರತ್ತು ಅಂತ.

‘ಆಕ್ಟಿವ್’ ಇನ್ನೊಂದು ಹತ್ತಿರದ ನೆಂಟ, ಆದರೆ ಸಪ್ಪೆ. ಸಿಮ್ ಕಾರ್ಡೂ ಆಕ್ಟಿವ್, ಬ್ಯಾಂಕ್ ಖಾತೆಯೂ ಆಕ್ಟಿವ್. ಸುಮ್ನೆ ಚಾಲ್ತಿಯಲ್ಲಿದ್ದರೆ ಸಾಕು. ಎನರ್ಜೆಟಿಕ್‌ನಲ್ಲಿ ಬಿರುಸು ಇರಲೇಬೇಕು. ‘ಎಂಥೂಸಿಯಾಸ್ಟಿಕ್’ ಮನಸ್ಸಿನದ್ದು. ಕಾಲು ಮುರಿದು ಮಲಗಿದವರೂ ಕ್ರಿಕೆಟ್ ಮ್ಯಾಚಿನ ಬಗ್ಗೆ ಎಂಥೂಸಿಯಾಸ್ಟಿಕ್ ಆಗಿರಬಹುದು, ಎನರ್ಜೆಟಿಕ್ ಆಗಿರುವುದು ಕಷ್ಟ. ‘ಪವರ್‌ಫುಲ್’ ಬಗ್ಗೆ ನನ್ನದೇ ಒಂದು ಪೆಟ್ಟಿನ ಕಥೆ ಇದೆ. ಮೇಷ್ಟ್ರಾದ ಹೊಸದರಲ್ಲಿ ಬಡ ಹುಡುಗನೊಬ್ಬನಿಗೆ ಕೆಲಸಕ್ಕೆ ಶಿಫಾರಸು ಪತ್ರ ಬರೆದುಕೊಟ್ಟೆ. ಓಡಾಡಿ ಕೆಲಸ ಮಾಡುತ್ತಾನೆ ಅನ್ನುವುದಕ್ಕೆ ‘ಹೀ ಈಸ್ ಎ ಪವರ್‌ಫುಲ್ ಬಾಯ್’ ಅಂತ ಬರೆದಿದ್ದೆ. ಅಲ್ಲಿನ ಸಾಹೇಬರು ಓದಿ ‘ಯಾವ ಎಮ್ಮೆಲ್ಲೆ ಕಡೆಯವನಪ್ಪಾ ನೀನು?’ ಅಂತ ಕೇಳಿದರಂತೆ. ಪುಣ್ಯಕ್ಕೆ ಕೆಲಸ ಸಿಕ್ಕಿತು. ನನ್ನ ಇಂಗ್ಲಿಷ್‌ನಿಂದ ಸಿಕ್ಕಿತೋ, ಅನುಮಾನದಿಂದ ಸಿಕ್ಕಿತೋ, ಇವತ್ತಿಗೂ ಗೊತ್ತಾಗಿಲ್ಲ.

ಇದೇ ಮನೆತನದ ‘ಎನರ್ಜೈಸ್’ ಅನ್ನು ನಮ್ಮ ರೈತರು ಇಂಗ್ಲಿಷ್ ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲರು. ಬೋರ್‌ವೆಲ್ ಕೊರೆಸಿ, ಕಂಬ ಬಂದು, ಟಿಸಿ (ಟ್ರಾನ್ಸ್‌ಫಾರ್ಮರ್) ಕೂತು, ಕೊನೆಗೆ ಲೈನಿಗೆ ಕರೆಂಟ್ ಬಿಟ್ಟ ದಿನ ‘ಪಂಪ್‌ಸೆಟ್ ಎನರ್ಜೈಸ್ ಆಯ್ತು’ ಅಂತ ಕಾಗದದಲ್ಲಿ ಬರುತ್ತದೆ. ಊರಲ್ಲಿ ‘ಲೈನ್ ಚಾರ್ಜ್ ಆಯ್ತು’ ಅಂತಾರೆ. ಹೊರಗಿನಿಂದ ಎನರ್ಜಿ ತುಂಬಿಸಿದ್ದು ‘ಎನರ್ಜೈಸ್ಡ್’, ತನ್ನಷ್ಟಕ್ಕೆ ಪುಟಿಯುವುದು ಎನರ್ಜೆಟಿಕ್. ಕಾಫಿ ಕುಡಿದ ಮೇಲೆ ನೀವು ಎನರ್ಜೈಸ್ಡ್, ನಿಮ್ಮ ಮಗ ಕಾಫಿ ಇಲ್ಲದೆಯೇ ಎನರ್ಜೆಟಿಕ್. ಕರೆಂಟ್ ಹರಿಯುವ ತಂತಿಗೆ ‘ಲೈವ್ ವೈರ್’ ಅನ್ನುತ್ತಾರಲ್ಲ, ತುಂಬಾ ಪುಟಿಯುವ ಮನುಷ್ಯರನ್ನೂ ಇಂಗ್ಲಿಷರು ಹಾಗೇ ಕರೆಯುತ್ತಾರೆ.

ಎರಡು ಕಡೆ ಹುಷಾರಾಗಿರಿ. ‘ಎನರ್ಜೆಟಿಕ್ ಮೆಟೀರಿಯಲ್ಸ್’ ಅಂತ ಎಲ್ಲಾದರೂ ಓದಿದರೆ ಅದು ಟಾನಿಕ್ ಅಲ್ಲ. ಸಿಡಿಮದ್ದು, ರಾಕೆಟ್ ಇಂಧನ ಇಂಥವಕ್ಕೆ ವಿಜ್ಞಾನಿಗಳು ಇಟ್ಟ ಹೆಸರು. ಇನ್ನೊಂದು ‘ಎನರ್ಜೆಟಿಕ್ ಹೀಲಿಂಗ್’, ‘ಎನರ್ಜೆಟಿಕ್ ವೈಬ್ರೇಶನ್’ ಅನ್ನುವ ಜಾಹೀರಾತು. ಅಲ್ಲಿ ಪದ ಭೌತವಿಜ್ಞಾನದ ಕೋಟು ಹಾಕಿಕೊಂಡು ಬಂದಿರುತ್ತದೆ. ಎಷ್ಟು ಜೌಲ್ ಅಂತ ಕೇಳಿ ನೋಡಿ, ಫೋನ್ ಇಡುತ್ತಾರೆ.

ಈಗ ಪ್ರೋಗ್ರೆಸ್ ಕಾರ್ಡಿಗೆ. ಎನರ್ಜೆಟಿಕ್ ಒಳ್ಳೆಯ ಪದವೇ. ನೌಕರನಿಗೆ, ಆಟಗಾರನಿಗೆ, ನಿಮ್ಮ ಅತ್ತೆಯವರಿಗೆ ಹೇಳಿದರೆ ನೂರಕ್ಕೆ ನೂರು ಹೊಗಳಿಕೆ. ಆದರೆ ಮಕ್ಕಳ ಬಗ್ಗೆ ಟೀಚರ್ ಬರೆದಾಗ ಪಕ್ಕದ ವಾಕ್ಯವನ್ನೂ ನೋಡಬೇಕು. ‘ಪಾರ್ಟಿಸಿಪೇಟ್ಸ್ ಇನ್ ಎವ್ರಿಥಿಂಗ್’ ಅಂತ ಮುಂದುವರಿದಿದ್ದರೆ ನಿಮ್ಮವರು ಗೆದ್ದರು. ‘ನೀಡ್ಸ್ ಟು ಸೆಟಲ್ ಡೌನ್’ ಅಂತ ಬಂದಿದೆ, ಹಾಗಾಗಿ ನಾದಿನಿ ಮುಕ್ಕಾಲು ಪಾಲು ಗೆದ್ದರು. ಒಂದು ಕಡೆ ಕೂರಲ್ಲ, ಬೆಂಚಿನಿಂದ ಬೆಂಚಿಗೆ ಹೋಗ್ತಾನೆ, ಪಾಠದ ಮಧ್ಯೆ ಕಿಟಕಿ ಹತ್ತಿರ ಇರ್ತಾನೆ ಅನ್ನುವುದನ್ನು ಟೀಚರ್ ಬೆಲ್ಲ ಸವರಿ ಹೇಳಿದ್ದಾರೆ. ಮೂವತ್ತು ವರ್ಷ ನಾನೂ ಇಂಥ ಕಾರ್ಡ್ ತುಂಬಿದವನು. ‘ತುಂಬಾ ತರಲೆ’ ಅಂತ ಬರೆಯಲು ಮನಸ್ಸು ಬಾರದಿದ್ದಾಗ ಕೈ ತಾನಾಗಿ ಎನರ್ಜೆಟಿಕ್ ಬರೆಯುತ್ತಿತ್ತು. ಉಳಿದ ಕಾಲು ಪಾಲು ನಿಮ್ಮವರದ್ದೇ. ಇಷ್ಟವಿಲ್ಲದ ಮಗುವಿಗೆ ಯಾವ ಟೀಚರೂ ಇಷ್ಟು ಹುಡುಕಿ ಪದ ಹಾಕುವುದಿಲ್ಲ. ‘ಡಿಸ್ಟರ್ಬ್ಸ್ ಅದರ್ಸ್’ ಅಂತ ನೇರವಾಗಿ ಬರೆದು ಮುಗಿಸುತ್ತಾರೆ.

ಒಂದು ಮಾತು. ಎನರ್ಜೆಟಿಕ್ ಅಂದ ತಕ್ಷಣ ‘ಹೈಪರ್‌ಆಕ್ಟಿವ್’ ಅಂತ ಮೊಬೈಲ್‌ನಲ್ಲಿ ಹುಡುಕಲು ಹೋಗಬೇಡಿ. ಅದು ಬೇರೆ ಪದ, ಡಾಕ್ಟರು ನೋಡಿ ಹೇಳಬೇಕಾದ ವಿಷಯ. ಟೀಚರ್ ಅದನ್ನು ಬರೆದಿಲ್ಲ.

ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದರೆ ‘ಶಕ್ತಿಯುತ’ವನ್ನು ಮೊದಲು ಬಿಡಿ. ಅದು ಗೊಬ್ಬರದ ಚೀಲದ ಮೇಲೆ ಚೆನ್ನ. ‘ಚುರುಕು’ ಹತ್ತಿರ ಇದೆ, ಆದರೆ ಚುರುಕು ಅಂದರೆ ಬುದ್ಧಿಯಲ್ಲೂ ಮುಂದು ಅಂತ ಅರ್ಥ ಬಂದುಬಿಡುತ್ತದೆ. ಎನರ್ಜೆಟಿಕ್ ಬುದ್ಧಿಯ ಬಗ್ಗೆ ಏನೂ ಹೇಳುವುದಿಲ್ಲ. ದೊಡ್ಡವರಿಗೆ ‘ಹುರುಪಿನ ಮನುಷ್ಯ’, ವಯಸ್ಸಾದವರಿಗೆ ‘ಲವಲವಿಕೆ’, ಕೆಲಸಕ್ಕೆ ‘ಬಿರುಸು’. ಚಿಕ್ಕ ಮಕ್ಕಳಿಗೆ ‘ಪುಟಿಯುವ ಹುಡುಗ’ ಅನ್ನುವುದು ನನಗೆ ಇಷ್ಟ. ಅದರಲ್ಲಿ ಹೊಗಳಿಕೆಯೂ ಇದೆ, ಚೆಂಡಿನ ಹಾಗೆ ಕೈಗೆ ಸಿಗಲ್ಲ ಅನ್ನುವ ದೂರೂ ಇದೆ. ನಿಮ್ಮ ಟೀಚರ್ ಹೇಳಿದ್ದೂ ಅದನ್ನೇ. ತದ್ವಿರುದ್ಧದ ಪದ ಬೇಕಾದರೆ ‘ಅನ್‌ಎನರ್ಜೆಟಿಕ್’ ಅಂತ ಕಟ್ಟಲು ಹೋಗಬೇಡಿ, ‘ಲೆಥಾರ್ಜಿಕ್’ ಅನ್ನಿ. ಜ್ವರ ಬಿಟ್ಟ ಮಾರನೇ ದಿನ ಕೈಕಾಲಲ್ಲಿ ತ್ರಾಣ ಇರಲ್ಲವಲ್ಲ, ಆ ಮಂಕು.

ಕೊನೆಗೆ ನಿಮ್ಮ ಉಚ್ಚಾರದ ಪ್ರಶ್ನೆ. ಎನರ್ಜೆಟಿಕ್ ಸರಿ. ಎನರ್ಜಿ ಬಾಯಲ್ಲಿ ಕೂತಿರುವುದರಿಂದ ‘ಜಿ’ ಬಂದುಬಿಡುತ್ತದೆ, ಆದರೆ ಎನರ್ಜಿಯ ಕೊನೆಯ ‘ವೈ’ ಬಿದ್ದುಹೋಗಿ ಆ ಜಾಗಕ್ಕೆ ಇ-ಟಿ-ಐ-ಸಿ ಬರುತ್ತದೆ. ಒತ್ತು ‘ಜೆ’ ಮೇಲೆ: ಎ-ನರ್-ಜೆ-ಟಿಕ್. ಮುಂದೆ ‘ಎ’ ಅಲ್ಲ, ‘ಆ್ಯನ್’: ಆ್ಯನ್ ಎನರ್ಜೆಟಿಕ್ ಬಾಯ್. ನಿಮ್ಮ ಟೀಚರ್ ‘ಎ’ ಬರೆದದ್ದು ತಪ್ಪಲ್ಲ, ಮಧ್ಯೆ ‘ವೆರಿ’ ಬಂತಲ್ಲ, ಅದಕ್ಕೆ. ಕಾರ್ಡಿನಲ್ಲಿ ಪೋಷಕರು ಬರೆಯುವ ಜಾಗ ಖಾಲಿ ಇದ್ದರೆ ‘ಥ್ಯಾಂಕ್ಯೂ ಮ್ಯಾಡಂ. ಹೌ ಕ್ಯಾನ್ ವಿ ಹೆಲ್ಪ್ ಹಿಮ್ ಸೆಟಲ್ ಡೌನ್?’ ಅಂತ ಒಂದು ಸಾಲು ಬರೆದು ಸಹಿ ಹಾಕಿ ಕಳಿಸಿ. ಸಹಿ ಮಾತ್ರ ನಿಮ್ಮದೇ ಇರಲಿ, ದೋಸೆ ತಿನ್ನಿಸಿದವರದ್ದು ಬೇಡ.